ಮಲಪ್ರಭೆಯ ಬೆನ್ನು ಹಿಡಿದು: ಕಣಕುಂಬಿಯಿಂದ ಕೂಡಲಸಂಗಮಕ್ಕೆ ಬೈಕ್ ದಾರಿ

ಬೆಳಗಾವಿಯಲ್ಲಿ ಬೈಕ್ ಇಟ್ಟುಕೊಂಡವರಿಗೆ ಭಾನುವಾರ ಬಂತೆಂದರೆ ಎರಡೇ ದಾರಿ ಕಾಣುತ್ತವೆ. ಒಂದು ಆಂಬೋಲಿಗೆ, ಇನ್ನೊಂದು ಚೋರ್ಲಾ ಘಾಟಿಗೆ. ಎರಡೂ ಚೆಂದವೇ, ಅದರಲ್ಲಿ ತಕರಾರಿಲ್ಲ. ಆದರೆ ಊರಿನ ಬೈಕುಗಳೆಲ್ಲ ಪಡುವಣಕ್ಕೇ ಮುಖ ಮಾಡಿ ಹೊರಟರೆ ಮೂಡಣದ ದಾರಿಯನ್ನು ನೋಡುವವರು ಯಾರು? ನಾನು ಹೇಳಲಿರುವ ದಾರಿ ಚೋರ್ಲಾ ರಸ್ತೆಯಲ್ಲೇ ಶುರುವಾಗುತ್ತದೆ, ಆದರೆ ಘಟ್ಟ ಇಳಿಯುವ ಮೊದಲೇ ಕಣಕುಂಬಿಯಲ್ಲಿ ಹಿಂದಕ್ಕೆ ತಿರುಗುತ್ತದೆ. ಅಲ್ಲಿ ಹುಟ್ಟುವ ಮಲಪ್ರಭೆಯನ್ನು ಹಿಡಿದುಕೊಂಡು, ಅವಳು ಕೃಷ್ಣೆಗೆ ಸೇರುವ ಕೂಡಲಸಂಗಮದವರೆಗೆ ಹೋಗುವುದು ಮೂರು ದಿನದ ಕೆಲಸ. ನಾಲ್ಕನೆಯ ದಿನ ಮನೆಗೆ.

ಹೊಳೆಯ ಉದ್ದ ಸುಮಾರು 300 ಕಿಲೋಮೀಟರ್. ಹುಟ್ಟುವ ಜಾಗ ಸಮುದ್ರ ಮಟ್ಟದಿಂದ ಸುಮಾರು 790 ಮೀಟರ್ ಎತ್ತರದಲ್ಲಿದೆ, ಸೇರುವ ಜಾಗ ಸುಮಾರು 490 ಮೀಟರ್. ಅಂದರೆ ಕಿಲೋಮೀಟರಿಗೆ ಒಂದು ಮೀಟರಿನಷ್ಟೇ ಇಳಿತ. ಘಾಟಿನ ಹೇರ್‌ಪಿನ್ ತಿರುವುಗಳಲ್ಲಿ ಗಾಡಿ ಮಲಗಿಸಿ ಖುಷಿಪಡುವವರಿಗೆ ಇದು ಸಪ್ಪೆ ದಾರಿ ಎನಿಸಬಹುದು. ನೂರು ಸಿ.ಸಿ. ಗಾಡಿ ಇರುವವರಿಗೆ, ಹಿಂದೆ ಹೆಂಡತಿಯನ್ನೋ ಗೆಳೆಯನನ್ನೋ ಕೂರಿಸಿಕೊಂಡು ಹೋಗುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಈ ಭಾಗದಲ್ಲಿಲ್ಲ.

ಯಾವಾಗ ಹೊರಡಬೇಕು

ದೀಪಾವಳಿ ಮುಗಿದ ಮೇಲೆ, ಸಂಕ್ರಾಂತಿಯ ಆಚೀಚೆಯವರೆಗೆ. ಮಳೆಗಾಲದಲ್ಲಿ ಜಾಂಬೋಟಿ, ಕಣಕುಂಬಿ ಕಡೆ ಹಸಿರೇನೋ ಕಣ್ಣು ತುಂಬುತ್ತದೆ, ಆದರೆ ಮಂಜಿನಲ್ಲಿ ಹತ್ತು ಮಾರು ಮುಂದಿನ ಲಾರಿ ಕಾಣುವುದಿಲ್ಲ, ತಗ್ಗುಗಳೆಲ್ಲ ನೀರು ತುಂಬಿಕೊಂಡು ಸಮತಟ್ಟಾಗಿ ಕಾಣುತ್ತವೆ. ಮಾರ್ಚ್ ದಾಟಿದರೆ ಬಾದಾಮಿಯ ಬಂಡೆಗಳು ಕಾದ ಹಂಚು. ನವೆಂಬರಿನಿಂದ ಜನವರಿಯವರೆಗೆ ಹೊಳೆಯಲ್ಲಿ ನೀರಿರುತ್ತದೆ, ಹೊಲದಲ್ಲಿ ಹಿಂಗಾರಿ ಜೋಳವಿರುತ್ತದೆ, ಬಿಸಿಲು ಹದವಾಗಿರುತ್ತದೆ.

ಬಿಸಿಲಿನ ಮಾತು ಬಂದಿದ್ದರಿಂದ ಹೇಳಿಬಿಡುತ್ತೇನೆ, ಈ ಪ್ರವಾಸದ ಇಡೀ ಲೆಕ್ಕ ನಿಂತಿರುವುದು ಸೂರ್ಯನ ಮೇಲೆ. ಬೈಕ್ ಪ್ರವಾಸ ಎಂದರೆ ನಸುಕಿನ ಐದಕ್ಕೇ ಹೊರಡಬೇಕು ಎಂದು ಎಲ್ಲರೂ ಹೇಳುತ್ತಾರೆ. ಪಡುವಣಕ್ಕೆ ಹೋಗುವಾಗ ಅದು ಸರಿ, ಬೆಳಗಿನ ಸೂರ್ಯ ಬೆನ್ನಿಗಿರುತ್ತಾನೆ. ಹೊಳೆ ಹರಿಯುವುದು ಮೂಡಣಕ್ಕೆ. ಚಳಿಗಾಲದ ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಆ ದಿಕ್ಕಿಗೆ ಗಾಡಿ ಓಡಿಸಿದರೆ ಸೂರ್ಯ ನೇರ ಹೆಲ್ಮೆಟಿನೊಳಗೇ ಬಂದು ಕೂರುತ್ತಾನೆ. ಎದುರಿಗೆ ಬಂದ ಎತ್ತಿನ ಬಂಡಿಯೂ ಕಾಣುವುದಿಲ್ಲ. ಆದ್ದರಿಂದ ಮೊದಲ ದಿನ ಕಣಕುಂಬಿಗೆ ನಸುಕಿನಲ್ಲಿ ಹೊರಡಿ. ಎರಡು ಮತ್ತು ಮೂರನೆಯ ದಿನ ಬೆಳಗಿನ ಹೊತ್ತನ್ನು ಕಾಲ್ನಡಿಗೆಗೆ, ಗುಡಿಗೆ, ನಾಷ್ಟಾಕ್ಕೆ ಕೊಟ್ಟು, ಒಂಬತ್ತರ ಮೇಲೆ ಗಾಡಿ ಚಾಲೂ ಮಾಡಿ. ಮಧ್ಯಾಹ್ನದ ನಂತರ ಸೂರ್ಯ ತಾನಾಗಿ ನಿಮ್ಮ ಹಿಂದೆ ಬರುತ್ತಾನೆ, ಮುಂದಿನ ಹೊಲ, ಗುಡ್ಡ, ಗೋಪುರ ಎಲ್ಲವೂ ಬೆಳಕಿನಲ್ಲಿ ತೊಳೆದಿಟ್ಟಂತೆ ಕಾಣುತ್ತವೆ. ನಾಲ್ಕನೆಯ ದಿನ ಮತ್ತೆ ಪಡುವಣಕ್ಕೆ ಮರಳುವುದರಿಂದ ನಸುಕಿನಲ್ಲೇ ಹೊರಡಬೇಕು.

ಗಾಡಿಗೆ ಏನು ಮಾಡಿಸಬೇಕು

ಹೊರಡುವ ಹಿಂದಿನ ದಿನವಲ್ಲ, ಒಂದು ವಾರ ಮೊದಲು ಸರ್ವಿಸ್ ಮಾಡಿಸಿ. ಗ್ಯಾರೇಜಿನಲ್ಲಿ ಏನಾದರೂ ಎಡವಟ್ಟಾಗಿದ್ದರೆ ಆ ವಾರದಲ್ಲಿ ಊರಲ್ಲೇ ಗೊತ್ತಾಗುತ್ತದೆ. ನಾನು ಒಮ್ಮೆ ಹೊರಡುವ ಸಂಜೆ ಸರ್ವಿಸ್ ಮಾಡಿಸಿ, ಹಿಂದಿನ ಚಕ್ರದ ನಟ್ಟು ಸಡಿಲ ಬಿಟ್ಟಿದ್ದನ್ನು ಖಾನಾಪುರದಲ್ಲಿ ಕಂಡುಹಿಡಿದವನು. ಚೈನ್ ಸಡಿಲಾಗಿದ್ದರೆ ಬಿಗಿ ಮಾಡಿಸಿ, ಆದರೆ ತಂತಿಯಂತೆ ಬಿಗಿಯಬೇಡಿ. ಕೈಯಿಂದ ಎತ್ತಿದರೆ ಎರಡು ಬೆರಳಿನಷ್ಟು ಆಡಬೇಕು. ಇಬ್ಬರು ಹೋಗುವುದಾದರೆ ಹಿಂದಿನ ಟೈರಿನ ಗಾಳಿ ಕಂಪನಿ ಹೇಳಿದಷ್ಟಿರಲಿ, ಅದೂ ಟೈರ್ ತಣ್ಣಗಿರುವಾಗ ನೋಡಿಸಿ.

ಜೊತೆಗೆ ಒಯ್ಯಬೇಕಾದದ್ದು ಕಡಿಮೆ: ಒಂದು ಕ್ಲಚ್ ಕೇಬಲ್, ಒಂದು ಪ್ಲಗ್ಗು ಮತ್ತು ಅದರ ಪಾನಾ, ಎರಡು ಫ್ಯೂಸ್, ಸಣ್ಣ ಡಬ್ಬಿಯಲ್ಲಿ ಚೈನಿಗೆ ಎಣ್ಣೆ. ಕಡ್ಡಿ ಚಕ್ರದ ಗಾಡಿಯಾದರೆ ಒಂದು ಟ್ಯೂಬ್ ಕಡ್ಡಾಯ. ಟ್ಯೂಬ್‌ಲೆಸ್ ಟೈರ್ ಇದ್ದರೆ ಪಂಕ್ಚರ್ ಬತ್ತಿ ಮತ್ತು ಕೈಪಂಪು. ಮಳೆ ಇಲ್ಲದ ಕಾಲವಾದರೂ ಒಂದು ಪ್ಲಾಸ್ಟಿಕ್ ಹಾಳೆ ಇರಲಿ, ಬ್ಯಾಗಿನ ಮೇಲೆ ಹೊದಿಸದಿದ್ದರೆ ಎರೆಹೊಲದ ಧೂಳು ಒಳಗಿನ ಬನಿಯನಿಗೂ ಹತ್ತುತ್ತದೆ. ಹೆಲ್ಮೆಟ್ ಇಬ್ಬರಿಗೂ ಬೇಕು. ಗಾಜು ಬಿಳಿಯದೇ ಇರಲಿ, ಕಪ್ಪು ಗಾಜು ಸಂಜೆ ಕುರುಡು ಮಾಡುತ್ತದೆ. ಲೈಸೆನ್ಸ್, ಆರ್‌ಸಿ, ವಿಮೆ, ಹೊಗೆ ತಪಾಸಣೆ ಪತ್ರಗಳ ಬಗ್ಗೆ ನಿಮಗೇ ಗೊತ್ತಿದೆ.

ಮೊದಲ ದಿನ: ಕಣಕುಂಬಿಗೆ ಹೋಗಿ ಸವದತ್ತಿಗೆ

ಪೆಟ್ರೋಲನ್ನು ಬೆಳಗಾವಿಯಲ್ಲೇ ಪೂರ್ತಿ ತುಂಬಿಸಿ. ಪೀರನವಾಡಿ ದಾಟಿ ಚೋರ್ಲಾ ರಸ್ತೆ ಹಿಡಿದರೆ ಊರಿನ ಗದ್ದಲ ಬೇಗ ಮುಗಿಯುತ್ತದೆ. ಕುಸಮಳ್ಳಿಯ ಬಳಿ ಸೇತುವೆಯ ಮೇಲೆ ಮಲಪ್ರಭೆ ಮೊದಲ ಸಲ ಸಿಗುತ್ತಾಳೆ. ಆಮೇಲೆ ಜಾಂಬೋಟಿ, ಅಲ್ಲಿಂದ ಮುಂದೆ ಕಾಡು. ಬೆಳಗಾವಿಯಿಂದ ಕಣಕುಂಬಿ ಸುಮಾರು 50 ಕಿಲೋಮೀಟರ್, ಆದರೆ ಒಂದೂವರೆ ತಾಸು ಇಟ್ಟುಕೊಳ್ಳಿ. ಈ ಭಾಗ ಭೀಮಗಡ ವನ್ಯಜೀವಿ ಧಾಮದ ಅಂಚು. 2011ರಲ್ಲಿ ಘೋಷಣೆಯಾದ ಧಾಮವಿದು. ರಸ್ತೆ ಬಿಟ್ಟು ಕಾಡುದಾರಿಗೆ ಗಾಡಿ ಇಳಿಸಬೇಡಿ, ಹಾರ್ನ್ ಬೇಡ, ತಿಂಡಿಯ ಪೊಟ್ಟಣ ಬಿಸಾಡಬೇಡಿ. ಮೊಬೈಲ್ ಸಿಗ್ನಲ್ ಬಂದು ಹೋಗುತ್ತಿರುತ್ತದೆ, ಮನೆಗೆ ಫೋನ್ ಮಾಡುವುದಿದ್ದರೆ ಜಾಂಬೋಟಿಯಲ್ಲೇ ಮುಗಿಸಿ.

ಕಣಕುಂಬಿ ಎಂದರೆ ಪತ್ರಿಕೆ ಓದುವವರಿಗೆ ಕಳಸಾ-ಬಂಡೂರಿ ನೆನಪಾಗುತ್ತದೆ. ಹೌದು, ಆ ಕಳಸಾ ನಾಲೆಯ ಊರು ಇದೇ. ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಅಡಿ ನೀರು ಹಂಚಿದಾಗ ಎಲ್ಲರ ಬಾಯಲ್ಲೂ ಬಂದ ಹೆಸರು. ಈ ಊರಿನ ಒಂದು ಕಡೆ ಬಿದ್ದ ಮಳೆ ಪಡುವಣ ಕಡಲಿಗೆ, ಇನ್ನೊಂದು ಕಡೆ ಬಿದ್ದದ್ದು ಮಲಪ್ರಭೆ, ಕೃಷ್ಣೆಯರ ಮೂಲಕ ಮೂಡಣ ಕಡಲಿಗೆ. ಮಾವುಲಿ ದೇವಿಯ ಗುಡಿಯ ಬಳಿ ಇರುವ ಹೊಳೆಯ ಹುಟ್ಟನ್ನು ನೋಡಿದರೆ ‘ಇಷ್ಟೇನಾ’ ಅನಿಸುತ್ತದೆ. ಅನಿಸಲಿ. ಆ ನೀರನ್ನು ಚೆನ್ನಾಗಿ ನೋಡಿಕೊಳ್ಳಿ, ನಾಡಿದ್ದು ಸಂಜೆ ಬೇಕಾಗುತ್ತದೆ.

ಇಲ್ಲಿ ಒಂದು ಆಸೆ ಹುಟ್ಟುತ್ತದೆ: ಹೇಗೂ ಇಲ್ಲಿವರೆಗೆ ಬಂದಿದ್ದೇವೆ, ಚೋರ್ಲಾ ಇಳಿದು ಗೋವಾ ನೋಡಿ ಬರೋಣ ಎಂದು. ಬೇಡ. ಶನಿವಾರ, ಭಾನುವಾರಗಳಲ್ಲಂತೂ ಹತ್ತು ಗಂಟೆಯ ಮೇಲೆ ಗೋವಾದ ಕಾರುಗಳು ಈ ಇಕ್ಕಟ್ಟು ರಸ್ತೆಯಲ್ಲಿ ತಿರುವು ನೋಡದೆ ಮುನ್ನುಗ್ಗುತ್ತವೆ. ಒಂಬತ್ತಕ್ಕೆ ಹಿಂದೆ ತಿರುಗಿ.

ಜಾಂಬೋಟಿಯಲ್ಲಿ ಬಲಕ್ಕೆ ಖಾನಾಪುರದ ರಸ್ತೆ. ಖಾನಾಪುರ ಹಂಚು, ಇಟ್ಟಿಗೆ, ಗಡಿಗೆಗಳ ಊರು, ಮಣ್ಣೇ ಕೆಂಪು. ಹತ್ತಿರದ ಅಸೋಗಾದಲ್ಲಿ ರಾಮಲಿಂಗೇಶ್ವರನ ಗುಡಿಯ ಮುಂದೆ ಹೊಳೆ ಬಂಡೆಗಳ ನಡುವೆ ಹರಿಯುತ್ತದೆ. ಊರಿನ ಹುಡುಗರು ಜಿಗಿಯುತ್ತಾರೆಂದು ನೀವು ಜಿಗಿಯಬೇಡಿ, ಅವರಿಗೆ ಬಂಡೆ ಎಲ್ಲಿದೆಯೆಂದು ಗೊತ್ತು. ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ ನಂದಗಡ ಇಲ್ಲಿಂದ ದೂರವಿಲ್ಲ. ಅಲ್ಲಿಗೆ ಹೋಗಿಬರಲು ಒಂದು ತಾಸು ಬೇಕು, ಹೋಗುವವರು ಅಸೋಗಾದಲ್ಲಿ ಹೆಚ್ಚು ಹೊತ್ತು ಕೂರಬಾರದು. ಈ ಕಡೆ ಮರಾಠಿ ಹೆಚ್ಚು ಕೇಳಿಸುತ್ತದೆ, ದಾರಿ ಕೇಳುವುದಕ್ಕೆ ಕನ್ನಡವೂ ನಡೆಯುತ್ತದೆ. ‘ಎಷ್ಟು ದೂರ’ ಎಂದು ಮಾತ್ರ ಕೇಳಬೇಡಿ. ‘ಇಲ್ಲೇ ಮುಂದೆ’ ಎಂಬ ಉತ್ತರ ಎರಡು ಕಿಲೋಮೀಟರಿಗೂ ಇಪ್ಪತ್ತಕ್ಕೂ ಒಂದೇ. ‘ಮುಂದಿನ ಊರು ಯಾವುದು’ ಎಂದು ಕೇಳಿ, ಅದು ತಪ್ಪುವುದಿಲ್ಲ.

ಪಾರಿಶ್ವಾಡದ ಮೇಲೆ ಎಂ.ಕೆ. ಹುಬ್ಬಳ್ಳಿ ತಲುಪುವ ಹೊತ್ತಿಗೆ ಮಧ್ಯಾಹ್ನ. ಹೆದ್ದಾರಿಯ ಸೇತುವೆಯ ಮೇಲೆ ದಿನಕ್ಕೆ ಸಾವಿರಾರು ಗಾಡಿಗಳು ಹಾದು ಹೋಗುತ್ತವೆ, ಕೆಳಗೆ ನೋಡುವವರು ಕಡಿಮೆ. ಹೊಳೆಯೊಳಗೇ ಬಸವಣ್ಣನವರ ಮಡದಿ ಗಂಗಾಂಬಿಕೆಯ ಐಕ್ಯ ಮಂಟಪವಿದೆ. ಬಸವಣ್ಣನವರ ಐಕ್ಯ ಮಂಟಪವಿರುವುದು ಇದೇ ನೀರು ಹೋಗಿ ಸೇರುವ ಕೂಡಲಸಂಗಮದಲ್ಲಿ. ಈ ದಾರಿಯನ್ನು ನಾನು ಮೊದಲ ಸಲ ಹಿಡಿದದ್ದೇ ಇದು ತಲೆಗೆ ಹೊಳೆದ ದಿನ.

ಹೆದ್ದಾರಿ ದಾಟಿ ಬೈಲಹೊಂಗಲದ ಕಡೆ ತಿರುಗಿದರೆ ಕೆಂಪು ಮಣ್ಣು ಮುಗಿದು ಎರೆಮಣ್ಣು ಶುರುವಾಗುತ್ತದೆ, ಆಕಾಶ ದೊಡ್ಡದಾಗುತ್ತದೆ. ಬೈಲಹೊಂಗಲದಲ್ಲಿ ರೊಟ್ಟಿ ಊಟ ಮಾಡಿ, 1829ರಲ್ಲಿ ಇಲ್ಲೇ ಸೆರೆಯಲ್ಲಿ ತೀರಿಕೊಂಡ ಕಿತ್ತೂರು ಚೆನ್ನಮ್ಮನ ಸಮಾಧಿ ನೋಡಿ, ಸೊಗಲದ ಮೇಲೆ ಸವದತ್ತಿಗೆ ಹೋಗಿ. ಸೊಗಲದ ಸೋಮೇಶ್ವರ ಗುಡಿಯ ಪಕ್ಕದ ಜಲಪಾತ ನವೆಂಬರಿನಲ್ಲಿ ಚೆನ್ನಾಗಿರುತ್ತದೆ, ಜನವರಿಯಲ್ಲಿ ನೂಲಿನಂತಾಗುತ್ತದೆ.

ಈಗ ಕಬ್ಬಿನ ವಿಷಯ. ಇಡೀ ಪ್ರವಾಸದಲ್ಲಿ ನಾನು ಗಟ್ಟಿಯಾಗಿ ಹೇಳುವ ಎಚ್ಚರಿಕೆ ಇದೊಂದೇ. ನೀವು ಹೊರಡುವ ಕಾಲವೇ ಕಾರ್ಖಾನೆಗಳು ಕಬ್ಬು ಅರೆಯುವ ಕಾಲ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಎರಡರಲ್ಲೂ ಮನೆಯಷ್ಟು ಎತ್ತರ ಕಬ್ಬು, ಹಿಂದೆ ಕೆಂಪು ದೀಪ ಇರಲಿಕ್ಕಿಲ್ಲ, ಇದ್ದರೂ ಕಬ್ಬಿನ ಸೋಗೆ ಮುಚ್ಚಿರುತ್ತದೆ. ಕತ್ತಲಾದ ಮೇಲೆ ಅದು ಗಾಡಿಯಂತೆ ಕಾಣುವುದಿಲ್ಲ, ಕತ್ತಲಿನಂತೆಯೇ ಕಾಣುತ್ತದೆ. ಆದ್ದರಿಂದ ಆರು ಗಂಟೆಗೆ ಎಲ್ಲಿದ್ದರೂ ಗಾಡಿ ನಿಲ್ಲಿಸಬೇಕು. ಹಗಲಿನಲ್ಲೂ ಟ್ರೇಲರನ್ನು ದಾಟುವಾಗ ಚಾಲಕನಿಗೆ ಹಾರ್ನ್ ಕೇಳಿಸುತ್ತದೆಂದು ನಂಬಬೇಡಿ, ಅವನ ಟೇಪ್ ರೆಕಾರ್ಡರ್ ನಿಮ್ಮ ಹಾರ್ನಿಗಿಂತ ಜೋರು. ಎರಡನೆಯ ಟ್ರೇಲರ್ ತಿರುವಿನಲ್ಲಿ ಬಾಲದಂತೆ ಆಚೀಚೆ ಬೀಸುತ್ತದೆ, ನೇರ ರಸ್ತೆ ಸಿಗುವವರೆಗೆ ಹಿಂದೆಯೇ ಇರಿ. ಹೊಲದಿಂದ ರಸ್ತೆಗೆ ಏರುವ ಜಾಗದಲ್ಲಿ ಚಕ್ರಕ್ಕೆ ಹತ್ತಿದ ಎರೆಮಣ್ಣು ಡಾಂಬರಿನ ಮೇಲೆ ಬಿದ್ದಿರುತ್ತದೆ. ಇಬ್ಬನಿಗೆ ನೆನೆದರೆ ಅದು ಬೆಣ್ಣೆ. ಅಲ್ಲಿ ಬ್ರೇಕ್ ಹಿಡಿಯದೆ, ವೇಗ ಮೊದಲೇ ಇಳಿಸಿಕೊಂಡು ನೇರ ದಾಟಿ.

ಸವದತ್ತಿಯಲ್ಲಿ ಉಳಿಯುವುದಕ್ಕೆ ಲಾಡ್ಜುಗಳಿವೆ. ಹುಣ್ಣಿಮೆಯ ಆಸುಪಾಸು ಮಾತ್ರ ಹೋಗಬೇಡಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಎಲ್ಲಮ್ಮನ ಗುಡ್ಡಕ್ಕೆ ‘ಉಧೋ ಉಧೋ’ ಎನ್ನುತ್ತ ಲಕ್ಷಗಟ್ಟಲೆ ಜನ ಸೇರುತ್ತಾರೆ, ಬೈಕ್ ನಿಲ್ಲಿಸಲೂ ಜಾಗವಿರುವುದಿಲ್ಲ.

ಎರಡನೆಯ ದಿನ: ಬಾದಾಮಿಯವರೆಗೆ

ಬೆಳಗ್ಗೆ ಎಲ್ಲಮ್ಮನ ಗುಡ್ಡ ಹತ್ತಿ ಬನ್ನಿ, ನಾಷ್ಟಾ ಮಾಡಿ, ಒಂಬತ್ತಕ್ಕೆ ಮುನವಳ್ಳಿಯ ದಾರಿ ಹಿಡಿಯಿರಿ. ನಡುವೆ ನವಿಲುತೀರ್ಥ. ಎರಡು ಗುಡ್ಡಗಳ ಕಿರಿದಾದ ಸಂದಿಯಲ್ಲಿ ಹೊಳೆ ನುಸುಳುತ್ತಿತ್ತು, ಆ ಸಂದಿಯನ್ನೇ ಮುಚ್ಚಿ ಅಣೆಕಟ್ಟು ಕಟ್ಟಿದ್ದಾರೆ. ಹಿಂದಿರುವುದು ರೇಣುಕಾಸಾಗರ, ಸುಮಾರು 37 ಟಿಎಂಸಿ ಅಡಿ ಹಿಡಿಯುವ ಜಲಾಶಯ. ಕಾವಲುಗಾರರು ಫೋಟೋ ಬೇಡವೆಂದರೆ ವಾದಕ್ಕೆ ನಿಲ್ಲಬೇಡಿ. ಕಾಲುವೆಯ ಪಕ್ಕದ ಮಣ್ಣಿನ ರಸ್ತೆ ನೆರಳು, ನೀರು ತೋರಿಸಿ ಕರೆಯುತ್ತದೆ. ನಾನೂ ಇಳಿದಿದ್ದೆ. ನಾಲ್ಕು ಕಿಲೋಮೀಟರ್ ಆದ ಮೇಲೆ ರಸ್ತೆ ಮುಗಿದು ಬರೀ ಕಾಲುವೆ ಉಳಿಯಿತು.

ಮುನವಳ್ಳಿಯಿಂದ ರಾಮದುರ್ಗದ ಕಡೆ ಹೋಗುವಾಗ ಹೊಳೆ ಒಮ್ಮೆ ಕಾಣುತ್ತದೆ, ಒಮ್ಮೆ ಮರೆಯಾಗುತ್ತದೆ. ತೊರಗಲ್ಲಿನ ಹಳೆಯ ಕೋಟೆ, ಭೂತನಾಥ ಗುಡಿಗಳನ್ನು ಬಿಡಬೇಡಿ. ಅಲ್ಲೇ ಹತ್ತಿರ ನನ್ನ ಗಾಡಿಯ ಹಿಂದಿನ ಚಕ್ರ ಪಂಕ್ಚರ್ ಆಗಿತ್ತು. ಕಡ್ಡಿ ಚಕ್ರ, ಒಯ್ದಿದ್ದ ಟ್ಯೂಬಿನಲ್ಲೇ ತೂತು. ಆ ದಿನ ಎಳ್ಳಮಾವಾಸ್ಯೆ. ಚರಗ ಚೆಲ್ಲಿ ಬಂದು ಬನ್ನಿ ಗಿಡದ ಕೆಳಗೆ ಇಡೀ ಮನೆತನ ಊಟಕ್ಕೆ ಕೂತಿತ್ತು. ಹಿರಿಯರೊಬ್ಬರು ಕರೆದರು: “ಯಾಕಪ್ಪಾ ತಮ್ಮಾ, ಎಲ್ಲಿಗೆ ಹೊರಟಿದ್ದೀ?” ಹೊಳೆ ನೋಡುತ್ತ ಹೊರಟಿದ್ದೇನೆ ಕಾಕಾ ಎಂದೆ. “ಹೊಳೆ ಮುಂದೆ ಹೋದರೆ ಹೋಗಲಿ, ಹಿಂದಿನಿಂದ ಮತ್ತೆ ಬರುತ್ತದೆ. ಮೊದಲು ಉಣ್ಣು” ಎಂದರು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಆಮೇಲೆ ನನ್ನ ಗಾಡಿ ಅವರ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಮಲಗಿಕೊಂಡು ರಾಮದುರ್ಗ ಸೇರಿತು. ಟ್ಯೂಬನ್ನು ಮನೆಯಲ್ಲೇ ನೀರಿನಲ್ಲಿ ಮುಳುಗಿಸಿ ನೋಡಿ ಒಯ್ಯಬೇಕು ಎನ್ನುವುದನ್ನು ಅಂದು ಕಲಿತೆ.

ರಾಮದುರ್ಗದಿಂದ ಸುರೇಬಾನ, ಕುಳಗೇರಿ ಕ್ರಾಸ್ ಮೇಲೆ ಬಾದಾಮಿ. ಸುರೇಬಾನದ ಬಳಿ ಶಬರಿಕೊಳ್ಳವಿದೆ, ಹೊತ್ತಿದ್ದರೆ ನೋಡಿ. ಹೊಳೆಗೆ ಅಡ್ಡಲಾಗಿ ತಗ್ಗಿನಲ್ಲಿ ಕಟ್ಟಿದ ಸಣ್ಣ ಸೇತುವೆಗಳು ಈ ಭಾಗದಲ್ಲಿ ಬಹಳ. 2019ರ ಆಗಸ್ಟಿನಲ್ಲಿ ಇದೇ ಹೊಳೆ ರಾಮದುರ್ಗಕ್ಕೂ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನುಗ್ಗಿತ್ತು. ಹಿಂಗಾರಿ ಮಳೆ ಜೋರಾಗಿದ್ದರೆ ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆಯೇ ಎಂದು ಸವದತ್ತಿಯಲ್ಲೇ ವಿಚಾರಿಸಿಕೊಳ್ಳಿ, ಸೇತುವೆಯ ಮೇಲೆ ಗೇಣು ನೀರು ಹರಿಯುತ್ತಿದ್ದರೂ ಗಾಡಿ ಇಳಿಸಬೇಡಿ. ಹಳ್ಳಿಯ ರಸ್ತೆಗಳಲ್ಲಿ ಗೋವಿನಜೋಳ, ತೊಗರಿ ಹರವಿರುತ್ತಾರೆ. ಕಾಳಿನ ಮೇಲೆ ಟೈರು ಗೋಲಿಯ ಮೇಲೆ ಓಡಿದಂತೆ ಜಾರುತ್ತದೆ. ಬದಿಯಿಂದ ಹೋಗಿ, ಬೆಳೆದವರ ಮುಂದೆ ಅವರ ಕಾಳು ತುಳಿಯುವುದು ಚೆಂದವೂ ಅಲ್ಲ.

ನಾಲ್ಕು ಗಂಟೆಗೆ ಬಾದಾಮಿ ಸೇರಿದರೆ ಸರಿಯಾದ ಸಮಯ. ಇಳಿಬಿಸಿಲು ಬಿದ್ದಾಗಲೇ ಅಲ್ಲಿಯ ಕೆಂಪು ಬಂಡೆ ತನ್ನ ನಿಜವಾದ ಬಣ್ಣ ತೋರಿಸುವುದು. ಗಾಡಿ ಲಾಡ್ಜಿನಲ್ಲಿ ನಿಲ್ಲಿಸಿ ಅಗಸ್ತ್ಯ ಹೊಂಡದ ದಂಡೆಗೆ ನಡೆದೇ ಹೋಗಿ, ಓಣಿಗಳು ಇಕ್ಕಟ್ಟು. ಗುಹೆಗಳ ಬಳಿ ಮಂಗಗಳು ಬ್ಯಾಗ್ ಕಸಿಯುತ್ತವೆ, ಸೀಟಿನ ಮೇಲೆ ಬಿಟ್ಟ ಹೆಲ್ಮೆಟಿನ ಒಳಗಿನ ಸ್ಪಂಜನ್ನೂ ಕಿತ್ತು ನೋಡುತ್ತವೆ.

ಮೂರನೆಯ ದಿನ: ಗುಡಿಗಳ ಸಾಲು, ಕೊನೆಗೆ ಸಂಗಮ

ಇಂದು ನೂರು ಕಿಲೋಮೀಟರಿನ ಒಳಗಿನ ದಾರಿ, ಅವಸರ ಬೇಡ. ಐದು ಕಿಲೋಮೀಟರ್ ದೂರದ ಬನಶಂಕರಿಯಲ್ಲಿ ಹೆಂಗಸರು ಬುಟ್ಟಿಯಲ್ಲಿ ಹೊತ್ತು ತರುವ ಜೋಳದ ರೊಟ್ಟಿ, ಮೊಸರು, ಕೆಂಪು ಖಾರದ ಚಟ್ನಿಯೇ ಬೆಳಗಿನ ಊಟ. ಹೊಟೇಲು ಹುಡುಕಬೇಡಿ. ಅಲ್ಲಿಂದ ಹಾನಗಲ್ ಕುಮಾರ ಸ್ವಾಮಿಗಳು 1909ರಲ್ಲಿ ಹೊಳೆಯ ದಂಡೆಯಲ್ಲಿ ಸ್ಥಾಪಿಸಿದ ಶಿವಯೋಗಮಂದಿರ, ನಂತರ ಮಹಾಕೂಟ, ನಂತರ ಪಟ್ಟದಕಲ್ಲು.

ಬಾದಾಮಿಯಿಂದ ಪಟ್ಟದಕಲ್ಲಿಗೆ 22 ಕಿಲೋಮೀಟರ್. ಇಡೀ ದಾರಿಯಲ್ಲಿ ನಿಧಾನ ಹೋಗಬೇಕಾದ ತುಂಡು ಇದು. ಬದಿಯಲ್ಲಿ ಮರಳುಗಲ್ಲಿನ ಗುಡ್ಡಗಳು, ಕೆಳಗೆ ಸೂರ್ಯಕಾಂತಿ, ಜೋಳ, ಹಳ್ಳಿಯ ಕಟ್ಟೆಗೆ ಹಾಸಿದ ಕಲ್ಲೂ ಅದೇ ಗುಡ್ಡದ್ದು. ಮೂಡಣಕ್ಕೆ ಓಡುತ್ತಿದ್ದ ಮಲಪ್ರಭೆ ಪಟ್ಟದಕಲ್ಲಿನಲ್ಲಿ ಬಡಗಣಕ್ಕೆ ತಿರುಗುತ್ತಾಳೆ. ಹಾಗೆ ತಿರುಗಿದ ಹೊಳೆ ಪವಿತ್ರವೆಂದು ನಂಬಿ ಚಾಲುಕ್ಯರು ಇಲ್ಲಿ ಪಟ್ಟ ಕಟ್ಟಿಕೊಳ್ಳುತ್ತಿದ್ದರು. 1987ರಿಂದ ವಿಶ್ವ ಪರಂಪರೆಯ ತಾಣ. ಎಲ್ಲರೂ ಗುಡಿ ನೋಡಿ ಮರಳುತ್ತಾರೆ. ನೀವು ವಿರೂಪಾಕ್ಷ ಗುಡಿಯ ಆಚೆ ಹೊಳೆಯ ದಂಡೆಗೆ ಹೋಗಿ. ಮೊನ್ನೆ ಕಣಕುಂಬಿಯಲ್ಲಿ ದಾಟಿಬಿಡಬಹುದಾಗಿದ್ದ ನೀರು ಇಲ್ಲಿ ಎಷ್ಟಾಗಿದೆ ನೋಡಿ.

ಐಹೊಳೆ ಇನ್ನು ಹದಿಮೂರು ಹದಿನಾಲ್ಕು ಕಿಲೋಮೀಟರ್. ದುರ್ಗ ಗುಡಿಗಿಂತ ನನಗೆ ಮೇಗುತಿ ಗುಡ್ಡವೇ ಇಷ್ಟ. ರವಿಕೀರ್ತಿಯ 634ರ ಶಾಸನವಿರುವುದು ಅಲ್ಲಿ, ಬಂದ ದಾರಿ, ಊರು, ಬಯಲು ಎಲ್ಲ ಒಟ್ಟಿಗೆ ಕಾಣುವುದೂ ಅಲ್ಲಿಂದಲೇ. ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಳ್ಳಿ. ಗೋಕಾಕಿನವರು ಮುನಿಸಿಕೊಂಡರೂ ಚಿಂತೆಯಿಲ್ಲ, ಅಂಟು ಹೆಚ್ಚಿರುವುದು ಇಲ್ಲಿಯದರಲ್ಲಿ ಎಂಬುದು ನನ್ನ ನಾಲಿಗೆಯ ತೀರ್ಪು.

ಸಂಜೆ ಐದರ ಹೊತ್ತಿಗೆ ಕೂಡಲಸಂಗಮ. ಬಸವಣ್ಣನವರ ಐಕ್ಯ ಮಂಟಪ ಈಗ ನಾರಾಯಣಪುರ ಜಲಾಶಯದ ಹಿನ್ನೀರಿನ ನಡುವೆ ದೊಡ್ಡ ಬಾವಿಯಂಥ ಗೋಡೆಯೊಳಗಿದೆ. ಮೆಟ್ಟಿಲು ಇಳಿಯುತ್ತ ಹೋದಂತೆ ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗಿದ್ದೇವೆ ಎಂಬುದು ಮೈಗೆ ಗೊತ್ತಾಗುತ್ತದೆ. ಮೇಲೆ ಬಂದು ದಂಡೆಯಲ್ಲಿ ಕೂತರೆ ಎರಡು ಹೊಳೆಗಳ ಗೆರೆ ಕಾಣುವುದಿಲ್ಲ, ಯಾವುದು ಕೃಷ್ಣೆ ಯಾವುದು ಮಲಪ್ರಭೆ ಎಂದು ದೋಣಿಯವರನ್ನು ಕೇಳಬೇಕು. ರಾತ್ರಿ ಅಲ್ಲೇ ಉಳಿಯಬಹುದು. ರೂಮು ಸಿಗದಿದ್ದರೆ ಬೆಳಕಿರುವಾಗಲೇ ಬಾಗಲಕೋಟೆಗೆ ಹೊರಡಿ.

ಮರಳುವ ದಿನ

ಬಾಗಲಕೋಟೆಯಿಂದ ಲೋಕಾಪುರ, ಯರಗಟ್ಟಿ, ನೇಸರಗಿ ಮೇಲೆ ಬೆಳಗಾವಿಗೆ ಸುಮಾರು 150 ಕಿಲೋಮೀಟರ್. ನಸುಕಿಗೆ ಹೊರಟರೆ ಸೂರ್ಯ ಬೆನ್ನಿಗೆ, ಮಧ್ಯಾಹ್ನದ ಊಟಕ್ಕೆ ಮನೆ. ತಡ ಮಾಡಿದರೆ ಎರಡರ ಮೇಲೆ ಇಳಿಬಿಸಿಲು ಕಣ್ಣಿಗೆ ಹೊಡೆಯುತ್ತದೆ, ಅದರ ಜೊತೆಗೆ ಕಬ್ಬಿನ ಟ್ರೇಲರುಗಳ ಸಾಲು. ಮೂರು ದಿನದ ದಣಿವಿನ ಮೇಲೆ ಈ ನೇರ ರಸ್ತೆ ನಿದ್ದೆ ತರಿಸುತ್ತದೆ. ಯರಗಟ್ಟಿಯಲ್ಲಿ ಹಸಿವಿಲ್ಲದಿದ್ದರೂ ಇಳಿದು ಚಹಾ ಕುಡಿಯಿರಿ. ಗೋಕಾಕ ಜಲಪಾತಕ್ಕೆ ತಿರುಗೋಣವೆಂದು ಹಿಂದಿನ ಸೀಟಿನಿಂದ ಬೇಡಿಕೆ ಬರಬಹುದು. ಅದು ಘಟಪ್ರಭೆಯ ಸಂಗತಿ, ಅದಕ್ಕೆ ಆಗಸ್ಟಿನಲ್ಲಿ ಬೇರೆಯೇ ಹೊರಡಬೇಕು.

ಮನೆಗೆ ಬಂದ ದಿನವೇ ಗಾಡಿ ತೊಳೆಯಿರಿ. ಚೈನನ್ನು ಡೀಸೆಲ್‌ನಲ್ಲಿ ಒರೆಸಿ ಎಣ್ಣೆ ಬಿಡಿ, ಮಡ್‌ಗಾರ್ಡಿನ ಒಳಗೆ ಕೈ ಹಾಕಿ ಮೆತ್ತಿದ ಮಣ್ಣನ್ನು ಹಸಿ ಇರುವಾಗಲೇ ಕೆರೆದು ತೆಗೆಯಿರಿ. ಖಾನಾಪುರದ ಕೆಂಪು ಮಣ್ಣು ನೀರಿಗೇ ಹೋಗುತ್ತದೆ. ಬೈಲಹೊಂಗಲದ ಎರೆಮಣ್ಣು ಒಣಗಿತೆಂದರೆ ಉಳಿ, ಸುತ್ತಿಗೆ ಬೇಕು.